ಸೆಟ್ಟೂರಿನ ಒಂದೇ ನಂಬರು

ಕುರಿಡಾಕ್ಟರನ್ನು ಕರೆಸುವ ಆ್ಯಪ್ ಬೆಳಗಿನಿಂದ ಕೈಕೊಟ್ಟಿತ್ತು. ಮನೆಯಲ್ಲಿ ಈಯಲಾರದ ಕುರಿ ಒದ್ದಾಡುತ್ತಿತ್ತು. ಡಾಕ್ಟರನ್ನು ತಾನೇ ಕರೆದೊಯ್ಯಲು ಸೆಟ್ಟೂರಿನಿಂದ ಬಂದ ಪೆದ್ದಕ್ಕನಿಗೆ ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರ ಮಾತು ಕಿವಿಗೆ ಬಿತ್ತು.

“ಅಶೋಕ್, ಇವತ್ತು ನಮ್ಮ ಆ್ಯಪ್‌ನಲ್ಲಿ ಸೆಟ್ಟೂರಿಂದ ಯಾರೂ ಕುರಿಡಾಕ್ಟರನ್ನ ಕರೆದಿಲ್ವಾ?”

“ಕರೆದ್ರೆ ಸರ್ವರ್‌ನಾಗಿರೋ ನನ್ನ ಜಾವಾಸ್ಕ್ರಿಪ್ಟ್ ಪ್ರೋಗ್ರಾಮು ಬರ್ಕೊಂತದೆ, ಕಲ್ಯಾಣಿ. ಸೆಟ್ಟೂರಿಂದ ನಿನ್ನೆ ತನಕ ಒಂದೇ ನಂಬರು ದಿನವೆಲ್ಲಾ ಕರೀತಿತ್ತು. ಮನುಷ್ಯರು ಹಂಗೆ ಒತ್ತಲ್ಲ, ಅದು ಮಿಷನ್ನು ಕಣಮ್ಮ. ಬೆಳಿಗ್ಗೇನೇ ಬ್ಲಾಕ್ ಮಾಡ್ಬುಟ್ಟೆ.”

“ವಿಚಾರಿಸಿದ್ಯಾ?”

“ಮಿಷನ್ನನ್ನ ಏನು ವಿಚಾರಿಸೋದು? ನಡಿ, ಹಿಂದೂಪುರದ ಬಸ್ ಬಂತು.”

ಫೋನಿಲ್ಲದೆ ಗುಡ್ಡಕ್ಕೆ ಹೋಗುವ ಸೆಟ್ಟೂರಿನ ಕುರಿಯವರೆಲ್ಲರ ಪರವಾಗಿ ತನ್ನ ಫೋನಿನಲ್ಲಿ ಒತ್ತಿ ಡಾಕ್ಟರನ್ನು ಕರೆಯುತ್ತಿದ್ದವಳು ಪೆದ್ದಕ್ಕ. ಅವಳು ಎದ್ದು ಓಡುವಷ್ಟರಲ್ಲಿ ಬಸ್ಸು ಹೊರಟಿತ್ತು. ಅದರ ಬೆನ್ನಿಗೇ ಕೂಗಿದಳು:

“ಓ ಅಬ್ಬಾಯ್, ಆ ಮಿಷನ್ನು ನಾನೇ ಕಣಪ್ಪ.”