ಬಾಕಿ ಉಳಿದ ಮಗ್ರಿಬ್

ಸಭೆಯ ಅಧ್ಯಕ್ಷಸ್ಥಾನದಲ್ಲಿ ಕುಳಿತಿರುವ ನಮ್ಮ ಮೋಟಾರು ನೌಕರರ ಸಂಘದ ಹಿರಿಯರಾದ ರಾಚಪ್ಪನವರೆ, ವೇದಿಕೆಯ ಮೇಲಿರುವ ಅತಿಥಿ ಮಹನೀಯರೆ, ಹುಕ್ಕೇರಿಯಿಂದ, ಮೂಡಲಗಿಯಿಂದ, ಅರಭಾವಿಯಿಂದ ಕೆಲಸ ಬಿಟ್ಟು ಬಂದಿರುವ ಡ್ರೈವರ್ ಬಂಧುಗಳೆ, ಕಂಡಕ್ಟರ್ ಬಂಧುಗಳೆ, ತಾಯಂದಿರೆ, ಸಭಿಕರೆ, ಮತ್ತು ಇವತ್ತಿನ ಸತ್ಕಾರಮೂರ್ತಿಗಳಾದ, ನಾನು ಮಕ್ತುಮಣ್ಣ ಎಂದು ಕರೆಯುವ ಶ್ರೀ ಮಕ್ತುಮಸಾಬ ನದಾಫ್ ಅವರೆ,

ಮಾತಾಡುವುದು ನನಗೆ ಹೊಸದಲ್ಲ. ಹದಿನಾರು ವರ್ಷ ಕಂಡಕ್ಟರಿಕೆ ಮಾಡಿದ್ದೇನೆ. ಆದರೆ ನನ್ನ ಮಾತೆಲ್ಲ "ಮುಂದ ಸರೀರಿ, ಒಳಗ ಜಾಗಾ ಐತಿ" ಎಂಬಷ್ಟೇ. ಒಳಗೆ ಜಾಗ ಇಲ್ಲ ಎಂಬುದು ನನಗೂ ಗೊತ್ತಿರುತ್ತಿತ್ತು, ನಿಮಗೂ ಗೊತ್ತಿರುತ್ತಿತ್ತು. ಇವತ್ತು ಅಂಥ ಸುಳ್ಳು ಹೇಳುವ ಮನಸ್ಸಿಲ್ಲ.

ಮಕ್ತುಮಣ್ಣ ನಿವೃತ್ತರಾಗುತ್ತಿದ್ದಾರೆ. ಅವರ ಬಗ್ಗೆ ನಾಲ್ಕು ಮಾತು ಆಡಬೇಕೆಂದು ಸಂಘದವರು ನನಗೆ ಹೇಳಿದರು. ಯಾಕೆ ನನಗೇ ಹೇಳಿದರು? ಹನ್ನೊಂದು ವರ್ಷ ಅವರ ಗಾಡಿಯ ಮೇಲೆ ನಾನೇ ಇದ್ದೆ. ನಲವತ್ತೇಳರಲ್ಲಿ, ಸ್ವಾತಂತ್ರ್ಯ ಬಂದ ವರ್ಷವೇ, ನಮ್ಮ ಮಾಲಕರು ಆ ಹಳೇ ಮೋಟಾರು ತಂದರು. ಮುಂಜಾನೆ ಗೋಕಾಕದಿಂದ ಅರಭಾವಿ ಮೇಲೆ ಮೂಡಲಗಿಗೆ ಒಂದು ಟ್ರಿಪ್ಪು. ಮಧ್ಯಾಹ್ನ ಹುಕ್ಕೇರಿಗೆ. ಸಂಜೆ ಹುಕ್ಕೇರಿ ಬಿಟ್ಟು, ಘೋಡಗೇರಿ ದಾಟಿ, ಘಟಪ್ರಭಾ ಸ್ಟೇಶನ್ನಿನಲ್ಲಿ ರೈಲಿನ ಮಂದಿಯನ್ನು ಇಳಿಸಿ, ಗೋಕಾಕಕ್ಕೆ ವಾಪಸ್. ಆ ಹನ್ನೊಂದು ವರ್ಷದಲ್ಲಿ ಮಕ್ತುಮಣ್ಣನ ಕೈಯಲ್ಲಿ ಒಂದು ಕೋಳಿ ಸತ್ತಿಲ್ಲ. ಇದು ಹೊಗಳಿಕೆ ಅಲ್ಲ, ನಮ್ಮ ದಾರಿಯಲ್ಲಿ ಸಿಗುವ ತುಕ್ಕಾನಟ್ಟಿಯ ಕೋಳಿಗಳು ಎಂಥವು ಎಂದು ಇಲ್ಲಿರುವ ಡ್ರೈವರುಗಳನ್ನು ಕೇಳಿ.

ಅವರ ಸ್ವಭಾವಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ನಾನು ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕುವವನಲ್ಲ. ನಮ್ಮ ತಂದೆ ಹಾಕಿಕೊಟ್ಟ ರೂಢಿ. ಜಳಕ, ವಿಭೂತಿ, ಪೂಜೆ, ಆಮೇಲೆ ಒಂದು ರೊಟ್ಟಿ. ಆದರೆ ನಾನು ಏಳುವುದು ಸ್ವಲ್ಪ ತಡ. ನನ್ನ ಹೆಂಡತಿ ಗೌರವ್ವ ಅಲ್ಲಿ ಕೂತು ನಗುತ್ತಿದ್ದಾಳೆ, ಆ "ಸ್ವಲ್ಪ" ಎಷ್ಟೆಂದು ಅವಳಿಗೆ ಗೊತ್ತು. ಮೋಟಾರು ಆರೂವರೆಗೆ ಬಿಡಬೇಕು. ಆರೂವರೆಗೆ ನಾನಿನ್ನೂ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂತಿರುತ್ತಿದ್ದೆ. ನಮ್ಮ ಓಣಿಯ ಬಾಯಿಗೆ ಗಾಡಿ ತಂದು ನಿಲ್ಲಿಸಿಕೊಂಡು ಮಕ್ತುಮಣ್ಣ ಕಾಯುತ್ತಿದ್ದರು. ಹಾರ್ನ್ ಹೊಡೆಯುತ್ತಿರಲಿಲ್ಲ. ಪ್ಯಾಸೆಂಜರುಗಳು ಕೂಗಾಡಿದರೆ ಇಳಿದು ಬಾನೆಟ್ ಎತ್ತಿ, "ಇಂಜಿನ್ ಇನ್ನೂ ಕಾಯಬೇಕ್ರಿ, ತಣ್ಣಗ ಐತಿ" ಅನ್ನುತ್ತಿದ್ದರು. ಬೇಸಿಗೆಯ ದಿನದಲ್ಲೂ ಇದನ್ನೇ ಹೇಳುತ್ತಿದ್ದರು. ಒಮ್ಮೆ ನಾನು ನಾಚಿಕೊಂಡು ಓಡಿ ಬಂದಾಗ ಹೇಳಿದರು, "ಪೂಜಿ ಅರ್ಧಕ್ಕ ಬಿಟ್ಟು ಬರಬ್ಯಾಡ ವೀರಪ್ಪ. ಬಿಟ್ಟು ಬಂದ್ರ ದಿನಾ ಪೂರಾ ಮನಸು ಅಲ್ಲೇ ಇರತೈತಿ. ಟಿಕೀಟು ತಪ್ಪು ಹರೀತಿ." ಇಂಥ ಮನುಷ್ಯ.

ಈಗ ಅವರ ಪ್ರಾರ್ಥನೆಯ ವಿಷಯ. ಮುಸಲ್ಮಾನ ಬಂಧುಗಳಿಗೆ ದಿನಕ್ಕೆ ಐದು ಹೊತ್ತಿನ ನಮಾಜು ಕಡ್ಡಾಯ ಎಂದು ನಮಗೆಲ್ಲ ಗೊತ್ತಿದೆ. ಹೊತ್ತು ಮುಳುಗಿದ ಕೂಡಲೆ ಮಾಡುವುದಕ್ಕೆ ಮಗ್ರಿಬ್ ಅನ್ನುತ್ತಾರೆ. ಅದರ ವೇಳೆ ಬಹಳ ಸಣ್ಣದು. ಪಡುವಣದ ಬೆಳಕು ಆರುವಷ್ಟರಲ್ಲಿ ಮುಗಿಸಬೇಕು. ನಮ್ಮ ಗಾಡಿಗೆ ಘೋಡಗೇರಿಯ ಹತ್ತಿರ ಹೊತ್ತು ಮುಳುಗುತ್ತಿತ್ತು. ರಸ್ತೆಯ ಬಾಜೂ ಒಂದು ಬೇವಿನ ಗಿಡ, ಗಿಡದ ಹತ್ತಿರ ಬಾವಿ. ಮಕ್ತುಮಣ್ಣ ಅಲ್ಲಿ ಗಾಡಿ ನಿಲ್ಲಿಸಿ, ಕೈಕಾಲು ಮುಖ ತೊಳೆದು, ಹೆಗಲ ಮೇಲಿನ ಟಾವೆಲ್ ಹಾಸಿ ನಮಾಜು ಮಾಡಿ ಬರುತ್ತಿದ್ದರು. ಎಷ್ಟು ಹೊತ್ತು? ನಾನು ಗಡಿಯಾರ ಹಿಡಿದು ನೋಡಿದ್ದೇನೆ. ಆರು ನಿಮಿಷ. ಮಂದಿಯೂ ಕೆಳಗಿಳಿದು ಬೀಡಿ ಸೇದುತ್ತಿದ್ದರು, ಮಕ್ಕಳಿಗೆ ನೀರು ಕುಡಿಸುತ್ತಿದ್ದರು. ಯಾರಿಗೂ ತಕರಾರು ಇರಲಿಲ್ಲ.

ಐವತ್ತೊಂದರಲ್ಲಿ ಒಂದು ದಿನ ಸ್ಟೇಶನ್ನಿನಲ್ಲಿ ರೈಲು ತಪ್ಪಿತು. ಹದಿನೇಳು ಮಂದಿ ಪ್ಲಾಟ್‌ಫಾರ್ಮಿನ ಮೇಲೆ ಉಳಿದರು. ಅವರಲ್ಲಿ ನಮ್ಮ ಅರಿವೆ ವ್ಯಾಪಾರದ ಸೋಮಪ್ಪನವರೂ ಒಬ್ಬರು. ಮಿರಜದ ದವಾಖಾನೆಯಲ್ಲಿ ಅವರ ಮಗಳು ಹೆರಿಗೆಗೆ ಇದ್ದಳು. ಅವರು ಬಹಳ ಕೂಗಾಡಿದರು. ಕೂಗಾಡಬೇಕಾದ್ದೇ. ಮರುದಿನ ಮಾಲಕರು ಮಕ್ತುಮಣ್ಣನನ್ನು ಕರೆಸಿ, "ಇನ್ನ ಮ್ಯಾಲ ನಡುದಾರಿಯೊಳಗ ನಮಾಜಿಗೆ ಗಾಡಿ ನಿಂತ್ರ ಮನಿಗಿ ಹೋಗು" ಎಂದರು. ಪ್ಯಾಸೆಂಜರರೊಬ್ಬರು ದೂರು ಕೊಟ್ಟಿದ್ದಾರೆ ಎಂದು ಸುದ್ದಿಯಾಯಿತು. ಯಾರು ಎಂದು ಯಾರೂ ಹೇಳಲಿಲ್ಲ. ಹೇಳಬೇಕಾದ ಅವಶ್ಯಕತೆಯೂ ಇರಲಿಲ್ಲ, ಎಲ್ಲರ ಕಣ್ಣು ಸೋಮಪ್ಪನವರ ಅಂಗಡಿಯ ಕಡೆಗೇ ಹೋಯಿತು. ಅಂದಿನಿಂದ ಗಾಡಿ ಘೋಡಗೇರಿಯ ಬೇವಿನ ಗಿಡದ ಹತ್ತಿರ ನಿಲ್ಲಲಿಲ್ಲ. ಸ್ಟೇಶನ್ನಿನ ಗದ್ದಲ ಮುಗಿಸಿ ಗೋಕಾಕ ಮುಟ್ಟುವಷ್ಟರಲ್ಲಿ ಪೂರಾ ಕತ್ತಲು.

ನಾನು ಇಷ್ಟಕ್ಕೇ ಈ ಮಾತು ಬಿಟ್ಟು ಅವರು ಗಾಡಿ ಓಡಿಸಿದ ಮೈಲಿಗಳ ಲೆಕ್ಕಕ್ಕೆ ಹೋಗಬೇಕೆಂದು ಬರೆದುಕೊಂಡು ಬಂದಿದ್ದೆ. ಚೀಟಿ ಇಲ್ಲೇ ಇದೆ. ಆದರೆ ಹೋಗಲಾಗುತ್ತಿಲ್ಲ.

ಸಭಿಕರೆ, ಹೋದ ತಿಂಗಳು ಈ ಭಾಷಣಕ್ಕಾಗಿ ಅವರ ಸೇವೆಯ ವಿವರ ಕೇಳಲು ನಾನು ಅವರ ಮನೆಗೆ ಹೋಗಿದ್ದೆ. ಮಧ್ಯಾಹ್ನ ಎರಡು ಗಂಟೆ. ಅವರು ನಮಾಜಿನಲ್ಲಿದ್ದರು. ಮೊಣಕಾಲು ಮಡಚಲು ಬರುವುದಿಲ್ಲ, ಸ್ಟೂಲಿನ ಮೇಲೆ ಕೂತು ಮಾಡುತ್ತಿದ್ದರು. ಮುಗಿಯಿತು ಎಂದುಕೊಂಡೆ, ಮತ್ತೆ ಶುರು ಮಾಡಿದರು. ಅವರ ಹೆಂಡತಿ ಮಾಲನಬಿ ವೈನಿ ಚಹಾ ತಂದಿಟ್ಟು ಮೆಲ್ಲಗೆ ಹೇಳಿದರು, "ಕುಂಡರ್ರಿ, ಇನ್ನೊಂದು ಐತಿ. ಹಳೇವು ಮುಗಸಾಕತ್ತಾರ." ಹಳೆಯವು ಅಂದರೇನು ವೈನಿ ಎಂದೆ. "ಬಿಟ್ಟು ಹೋದವು. ಕಜಾ" ಎಂದರು.

ಮಕ್ತುಮಣ್ಣ ಬಂದು ಕೂತರು. ನಾನು ಕೇಳಿದೆ. ಅವರು ಮುಚ್ಚಿಡಲಿಲ್ಲ. "ಮಾಲಕ ನಿಲ್ಲಸಬ್ಯಾಡ ಅಂದಮ್ಯಾಲ ಮೊದಮೊದಲ ಗೋಕಾಕಕ್ಕ ಬಂದು ಮಗ್ರಿಬ್ ಕಜಾ ಮಾಡತಿದ್ದೆ ವೀರಪ್ಪ. ಆಮ್ಯಾಲ ಸಿಟ್ಟು ಬಂತು. ಹೊಟ್ಟಿಗೆ ಅಂಜಿ ದೇವರ ಹೊತ್ತು ಮೀರಸಾಕತ್ತೇನಿ, ಹಿಂಗ ಕಳ್ಳರಂಗ ಮಾಡೂ ನಮಾಜು ಯಾಕ ಬೇಕು ಅನಸ್ತು. ಒಂದು ಬಿಟ್ಟೆ. ಒಂದರ ಹಿಂದ ಐದೂ ಹೋದವು. ಶುಕ್ರವಾರದ ಜುಮ್ಮಾಕ್ಕ ಸುದ್ದಾ ಹೋಗಲಿಲ್ಲ. ಐವತ್ತೆಂಟರಾಗ ನಮ್ಮವ್ವ ತೀರಿಕೊಂಡಳಲ್ಲ, ಅಕಿ ಜನಾಜಾದ ಮುಂದ ನಮಾಜಿಗೆ ನಿಂತಾಗ ನನಗ ಕೈ ಕಟ್ಟಾಕ ನಾಚಿಕಿ ಆತು. ಅವತ್ತಿನಿಂದ ಮತ್ತ ಶುರು ಮಾಡಿದೆ."

ನನಗೆ ಇದು ಗೊತ್ತೇ ಇರಲಿಲ್ಲ. ದಿನಾ ಪಕ್ಕದಲ್ಲಿದ್ದವನಿಗೆ ಗೊತ್ತಿರಲಿಲ್ಲ. ಐವತ್ತೆಂಟರಲ್ಲಿ ಅವರು ಸಂಜೆಯ ಗಾಡಿ ಬಿಟ್ಟು ಮುಂಜಾನೆಯ ಗಾಡಿ ಕೇಳಿಕೊಂಡರು. ಮೊಣಕಾಲಿನ ಸಲುವಾಗಿ ಎಂದುಕೊಂಡಿದ್ದೆ.

ಒಟ್ಟು ಎಷ್ಟು ದಿನದವು ತಪ್ಪಿದ್ದವು? ಅವರಿಗೂ ಸರಿಯಾಗಿ ನೆನಪಿಲ್ಲ. ಆರು ವರ್ಷ ಇರಬಹುದು, ಆರೂವರೆ ಇರಬಹುದು. ಮಸೀದಿಯ ಇಮಾಮರನ್ನು ಕೇಳಿದರಂತೆ. "ಇದಕ್ಕಿಂತ ಹೆಚ್ಚು ಇರಾಕ ಸಾಧ್ಯ ಇಲ್ಲ ಅಂತ ನಿನ್ನ ಮನಸು ಒಪ್ಪುವಷ್ಟು ಹಿಡಿ" ಎಂದರಂತೆ. ಇವರು ಏಳು ವರ್ಷ ಹಿಡಿದರು. ದಿನದ ಪ್ರತಿ ನಮಾಜಿನ ಸಂಗಡ ಆ ಹೊತ್ತಿನದೇ ಒಂದು ಹಳೆಯದು. ಮುಂಜಾನೆಯದರ ಸಂಗಡ ಹಳೇ ಮುಂಜಾನೆಯದು, ಸಂಜೆಯದರ ಸಂಗಡ ಹಳೇ ಸಂಜೆಯದು. ಯಾವ ತಾರೀಖಿನದು ಎಂದು ಸಂಕಲ್ಪ ಮಾಡುವುದು? ತಾರೀಖು ಯಾರಿಗೆ ನೆನಪಿರುತ್ತದೆ? ಅದಕ್ಕೆ ಮನಸ್ಸಿನಲ್ಲಿ ಹೀಗೆ ಅಂದುಕೊಳ್ಳುತ್ತಾರೆ: ನನ್ನ ತಲೆ ಮೇಲೆ ಉಳಿದಿರುವ ಮಗ್ರಿಬ್‌ಗಳಲ್ಲಿ ಮೊದಲನೆಯದು. ಮರುದಿನ ಮತ್ತೆ ಉಳಿದವುಗಳಲ್ಲಿ ಮೊದಲನೆಯದು. ಐದು ವರ್ಷದಿಂದ ದಿನಾ ಮೊದಲನೆಯದೇ. ಇನ್ನೂ ಎರಡು ವರ್ಷದವು ಉಳಿದಿವೆ.

ಎರಡು ವರ್ಷ ಏನು ಮಹಾ ಎಂದು ನೀವು ಕೇಳಬಹುದು. ವೈನಿಯವರು ನನ್ನನ್ನು ಕಳಿಸಲು ಬಾಗಿಲವರೆಗೆ ಬಂದು ಹೇಳಿದರು. ಮಕ್ತುಮಣ್ಣನ ಎದೆ ಸರಿ ಇಲ್ಲ. ಬೆಳಗಾವಿಯ ಡಾಕ್ಟರು ಎರಡು ವರ್ಷದ ಭರವಸೆ ಕೊಟ್ಟಿಲ್ಲ. ಮಕ್ತುಮಣ್ಣ, ಈ ಮಾತನ್ನು ಸಭೆಯಲ್ಲಿ ಹೇಳಿದ್ದಕ್ಕೆ ವೈನಿ ನನ್ನ ಮೇಲೆ ಸಿಟ್ಟಾಗುತ್ತಾರೆ. ಆಗಲಿ. ನೀನು ಈಗೀಗ ಪ್ರತಿ ಹೊತ್ತಿಗೆ ಒಂದು ಅಲ್ಲ, ಎರಡೆರಡು ಮೂರುಮೂರು ಹಳೆಯವನ್ನು ಮಾಡಲು ಹತ್ತಿದ್ದು ಯಾಕೆಂದು ನನಗೆ ಆಗ ತಿಳಿಯಿತು.

ಹೊರಡುವ ಮೊದಲು ನಾನು ಹುಚ್ಚನಂತೆ ಕೇಳಿದ್ದೆ, "ಮಕ್ತುಮಣ್ಣ, ಅರ್ಧ ನಾ ಮಾಡಲೇನು? ನನಗ ಕಲಸು." ಅವರು ನಕ್ಕರು. ಬಹಳ ನಕ್ಕರು. ಆಮೇಲೆ ಹೇಳಿದರು, "ಇದನ್ನ ಮಂದಿ ಕೈಲೆ ಮಾಡಸಾಕ ಬರೂದಿಲ್ಲೋ. ಮಗಾ ಮಾಡಿದ್ರೂ ನಡಿಯೂದಿಲ್ಲ. ನಂದು ನಾನ ಮಾಡಬೇಕು. ಬೇಕಂತ ಬಿಟ್ಟದ್ದಕ್ಕ ತೌಬಾನೂ ಬ್ಯಾರೆ ಮಾಡಬೇಕು, ಇನ್ನೊಮ್ಮೆ ಬಿಡೂದಿಲ್ಲ ಅಂತ ಅತ್ತು ಕೇಳಿಕೋಬೇಕು. ಅಂವ ದೊಡ್ಡಾಂವ, ಮಾಫ್ ಮಾಡತಾನ. ಆದ್ರ ಮನಿಷ್ಯಾನಿಗೆ ಮಾಡಿದ ತಪ್ಪಿಗೆ ಆ ಮನಿಷ್ಯಾನ್ನ ಕೇಳಬೇಕು. ಅದನ್ನ ಅಲ್ಲಾಹ್ ತಾನಾಗಿ ಬಿಡೂದಿಲ್ಲಂತ. ನಾ ಸೋಮಪ್ಪಗ ಹನ್ನೆರಡು ವರ್ಷ ಮನಸಿನ್ಯಾಗ ಬೈದೇನಿ. ಅಂವನ ಅಂಗಡ್ಯಾಗ ಒಂದು ಕರವಸ್ತ್ರ ತಗೊಂಡಿಲ್ಲ. ಹೋಗಿ ಕೇಳಬೇಕು, ಕಾಲು ಏಳವಲ್ದು."

ನಾನು ಚಹಾ ಅರ್ಧಕ್ಕೆ ಬಿಟ್ಟು ಎದ್ದೆ. ಯಾಕೆ ಎದ್ದೆ?

ಸೋಮಪ್ಪನವರೆ, ನೀವು ಮೂರನೆಯ ಸಾಲಿನಲ್ಲಿ ಕೂತಿದ್ದೀರಿ. ನೀವು ಮಾಲಕರ ಹತ್ತಿರ ಹೋಗಿರಲಿಲ್ಲ ಎಂಬುದು ನಿಮಗೆ ಗೊತ್ತು. ಹನ್ನೆರಡು ವರ್ಷ ಈ ಡ್ರೈವರುಗಳು ನಿಮ್ಮ ಮುಖ ನೋಡಿ ಪಿಸುಗುಟ್ಟಿದ್ದು ಯಾಕೆಂದು ಮಾತ್ರ ನಿಮಗೆ ಗೊತ್ತಿರಲಿಕ್ಕಿಲ್ಲ. ದೂರು ಕೊಟ್ಟವನು ನಾನು.

ಆ ದಿನ ರೈಲು ತಪ್ಪಿದ್ದು ನಮಾಜಿನಿಂದ ಅಲ್ಲ. ಘೋಡಗೇರಿಯಲ್ಲಿ ನನ್ನ ಸೋದರಮಾವ ಬೆಲ್ಲದ ಪೆಂಟಿಗಳನ್ನು ತಂದು ನಿಲ್ಲಿಸಿದ್ದ. ಮನೆತನದ ಮಾತು, ಇಲ್ಲ ಅನ್ನಲಾಗಲಿಲ್ಲ. ಗಾಡಿಯ ಮೇಲೆ ಏರಿಸಿ ಹಗ್ಗ ಕಟ್ಟುವಷ್ಟರಲ್ಲಿ ಅರ್ಧ ತಾಸು ಹೋಯಿತು. ಮಕ್ತುಮಣ್ಣನ ನಮಾಜು ಆಗಲೇ ಮುಗಿದಿತ್ತು. ಆತ ಸ್ಟಿಯರಿಂಗ್ ಹಿಡಿದು ಕೂತು, "ವೀರಪ್ಪ, ಸ್ಟೇಶನ್ ಮಂದಿ ಅದಾರೋ" ಎಂದು ಎರಡು ಸಲ ಹೇಳಿದ್ದ. ಮಾಲಕರು ಕೇಳಿದಾಗ ನನಗೆ ಹೆದರಿಕೆ ಆಯಿತು. ನನ್ನ ಬಾಯಿಂದ, "ನಿಮ್ಮ ಡ್ರೈವರ್ ದಿನಾ ನಮಾಜಿಗೆ ನಿಲ್ಲಸ್ತಾನ್ರಿ" ಎಂದು ಬಂತು. ಒಂದೇ ಮಾತು. ನಿಲ್ಲಿಸುವುದು ಖರೆಯೇ ಇತ್ತು, ಆದ್ದರಿಂದ ಸುಳ್ಳು ಹೇಳಿದಂತೆಯೂ ನನಗೆ ಅನ್ನಿಸಲಿಲ್ಲ. ಮನೆಗೆ ಹೋಗಿ ಮಾಡಿಕೊಂಡರಾಯಿತು, ದೇವರು ಗಡಿಯಾರ ನೋಡುತ್ತಾನೆಯೆ ಎಂದು ನನಗೆ ನಾನೇ ಹೇಳಿಕೊಂಡೆ. ಮರುದಿನ ಮುಂಜಾನೆ ಎಂದಿನಂತೆ ಪೂಜೆಗೆ ಕೂತೆ. ಓಣಿಯ ಬಾಯಲ್ಲಿ ಗಾಡಿ ನಿಂತಿತ್ತು. ಹೌದು, ಆ ಮರುದಿನವೂ ಆತ ಕಾಯ್ದ. ಮುಂದೆ ಏಳು ವರ್ಷ ಕಾಯ್ದ. ಅವನ ಆರು ನಿಮಿಷ ಕಸಿದುಕೊಂಡ ನಾನು ಅವನ ಇಪ್ಪತ್ತು ನಿಮಿಷ ದಿನಾ ತಿಂದೆ.

ಇದನ್ನು ಅವರ ಮನೆಯಲ್ಲಿಯೇ ಹೇಳಿ ಮುಗಿಸಬಹುದಾಗಿತ್ತು. ಹೇಳಿದ್ದರೆ ಮಕ್ತುಮಣ್ಣ "ಹೋಗಲಿ ಬಿಡು" ಎಂದು ನನಗೆ ಇನ್ನೊಂದು ಚಹಾ ಕುಡಿಸಿ ಕಳಿಸುತ್ತಿದ್ದರು. ನನಗೆ ಹಗುರಾಗುತ್ತಿತ್ತು. ಆದರೆ ಸೋಮಪ್ಪನವರ ಹೆಸರು ಕೆಟ್ಟದ್ದು ನಾಲ್ಕು ಗೋಡೆಯ ನಡುವೆ ಅಲ್ಲ, ಸ್ಟ್ಯಾಂಡಿನಲ್ಲಿ, ಊರ ತುಂಬ. ಅದಕ್ಕೆ ಊರಿನ ಮುಂದೆಯೇ ಹೇಳಬೇಕು ಎಂದು ತಿಂಗಳಿಂದ ಗಟ್ಟಿ ಮಾಡಿಕೊಂಡೆ. ಆದರೂ ಚೀಟಿಯಲ್ಲಿ ಮೈಲಿಗಳ ಲೆಕ್ಕವನ್ನೇ ಬರೆದುಕೊಂಡು ಬಂದೆ. ಅಂಜುಬುರುಕ ನಾನು, ಆಗಲೂ ಅಂಜಿದೆ, ಈಗಲೂ ಅಂಜಿಕೆ ಇದೆ.

ಸೋಮಪ್ಪನವರೆ, ನಿಮ್ಮ ಕ್ಷಮೆ ಕೇಳುತ್ತೇನೆ. ಮಕ್ತುಮಣ್ಣ, ನಿನ್ನ ಏಳು ವರ್ಷಕ್ಕೆ ನನ್ನ ಹತ್ತಿರ ಏನೂ ಇಲ್ಲ. ನಿನ್ನ ಬದಲಿಗೆ ನಾನು ಒಂದೂ ಮಾಡಲಾರೆ ಎಂದು ನೀನೇ ಹೇಳಿದ್ದೀ. ನನ್ನ ತಪ್ಪನ್ನು ಮಾಫ್ ಮಾಡು ಎಂದು ಕೇಳುವುದೊಂದೇ ನನಗೆ ಉಳಿದಿರುವುದು. ಕೇಳಿದ್ದೇನೆ.

ಅಧ್ಯಕ್ಷರು ಕಾರ್ಯಕ್ರಮದ ಪಟ್ಟಿ ತೋರಿಸುತ್ತಿದ್ದಾರೆ. ನನ್ನ ಭಾಷಣದ ನಂತರ ಶಾಲು, ಹಾರ, ಆಮೇಲೆ ಸತ್ಕಾರಮೂರ್ತಿಗಳ ಮಾತು. ರಾಚಪ್ಪನವರೆ, ಪಶ್ಚಿಮದ ಕಿಟಕಿ ನೋಡಿ. ಹೊತ್ತು ಮುಳುಗಿತು. ಶಾಲು ಎಲ್ಲಿಗೂ ಹೋಗುವುದಿಲ್ಲ. ಅತಿಥಿಗಳಿಗೆ ಅವಸರವಿದ್ದರೆ ನಾನು ಅವರ ಕಾಲು ಹಿಡಿದು ಕೂಡಿಸುತ್ತೇನೆ.

ಮಕ್ತುಮಣ್ಣ, ಏಳು. ಬಾಜೂ ಖೋಲಿಯಲ್ಲಿ ನೀರು ಇಟ್ಟಿದ್ದೇನೆ, ಸ್ಟೂಲು ಇಟ್ಟಿದ್ದೇನೆ. ಇವತ್ತಿನದು ಮೊದಲು ಮಾಡು, ಆಮೇಲೆ ಹಳೆಯವು ಎಷ್ಟು ಬೇಕೋ ಅಷ್ಟು ಮಾಡು. ನನಗೆ ಉತ್ತರ ಕೊಡುವ ಅವಸರ ನಿನಗೆ ಬೇಡ. ಇವತ್ತು ಕೊಡದಿದ್ದರೂ ನಡೆಯುತ್ತದೆ, ಎಂದೂ ಕೊಡದಿದ್ದರೂ ನಾನು ತಕರಾರು ಮಾಡುವುದಿಲ್ಲ.

ಸಭಿಕರೆ, ಒಬ್ಬ ಕಂಡಕ್ಟರನ ಇಷ್ಟು ಉದ್ದ ಮಾತನ್ನು ಕೂತು ಕೇಳಿದಿರಿ, ನಿಮ್ಮೆಲ್ಲರಿಗೂ, ನನಗೆ ಈ ಜಾಗ ಕೊಟ್ಟ ಸಂಘದ ಹಿರಿಯರಿಗೂ ನಾನು ಋಣಿ. ದಯವಿಟ್ಟು ಯಾರೂ ಏಳಬೇಡಿ. ಅವರು ಮುಗಿಸಿ ಬರುವವರೆಗೆ ಸುಮ್ಮನೆ ಕೂತಿರೋಣ. ನಮಸ್ಕಾರ.