ಬಿಲದಲ್ಲಿ ಓಗೊಟ್ಟವನು

ಮಳೆಗಾಲದ ಕೊನೆಯ ದಿನಗಳು. ದೋಣಿಗಳೆಲ್ಲ ದಡದಲ್ಲಿ ಬೋರಲು ಬಿದ್ದಿದ್ದವು. ತಗಡಿನ ಮಾಡಿನ ಕೆಳಗೆ ಮನೆಯವರು ಸುತ್ತ ಕುಳಿತು, ಇಲಿ ಕಡಿದ ಬಲೆಯನ್ನು ತೊಡೆಯ ಮೇಲೆ ಹರಡಿಕೊಂಡು ಒಂದೊಂದೇ ಕಣ್ಣಿಗೆ ದಾರ ಹಾಕುತ್ತಿದ್ದರು. ಅಳಿಯನ ಕೈಗೆ ಆ ಕೆಲಸ ಒಗ್ಗಿರಲಿಲ್ಲ. ಅವನಿಗೆ ಕಡಲ ನಡುವಿನ ದ್ವೀಪದಲ್ಲಿ ಉಗ್ರಾಣ ಕಾಯುವ ಕೆಲಸ ಸಿಕ್ಕಿತ್ತು. ಮಳೆ ನಿಂತೊಡನೆ ಹೆಂಡತಿಯನ್ನು ಕರೆದುಕೊಂಡು ಹೊರಡುವವನಿದ್ದ. ಅಲ್ಲಿ ಇಲಿಗಳ ಕಾಟವೆಂದು ಕೇಳಿ ನಾಲ್ಕು ಬೆಕ್ಕುಗಳನ್ನೂ ಗೊತ್ತುಮಾಡಿದ್ದ.

“ಒಂದು ತಿಂಗಳು ಕೊಡಿ ಅತ್ತೆ, ಇಲಿಗಳ ವಂಶವೇ ಇರಲ್ಲ,” ಎಂದ.

ಮುದುಕಿ ದಾರವನ್ನು ಹಲ್ಲಿನಿಂದ ಕಡಿದಳು. ಆ ದ್ವೀಪದ ದೀಪಸ್ತಂಭದಲ್ಲಿ ಅವಳ ಗಂಡ ದೀಪ ಹಚ್ಚುತ್ತಿದ್ದ, ಅಲ್ಲಿಯೇ ತೀರಿಕೊಂಡ ಎಂಬುದಷ್ಟೇ ಅಳಿಯನಿಗೆ ಗೊತ್ತು. ಹೇಗೆಂದು ಅವಳು ಮಗಳಿಗೂ ಹೇಳಿರಲಿಲ್ಲ.

“ನಿಮ್ಮ ಮಾವನೋರೂ ಇದೇ ಮಾತು ಹೇಳಿದ್ರು ಅಳಿಯಂದಿರೇ. ಆಗ ಅಲ್ಲಿ ನಾವಿಬ್ಬರೇ. ನಾವಿಬ್ಬರು, ಒಂದು ದೀಪ, ಉಳಿದದ್ದೆಲ್ಲ ಇಲಿ. ಸಾಬೂನು ಬಿಡಲಿಲ್ಲ, ದೀಪದ ಬತ್ತಿ ಬಿಡಲಿಲ್ಲ, ಮಲಗಿದ್ರೆ ಹಿಮ್ಮಡಿ ಬಿಡಲಿಲ್ಲ. ಸಾಮಾನಿನ ದೋಣಿಯವನಿಗೆ ಹೇಳಿ ಆರು ಮುಂಗುಸಿ ತರಿಸಿದ್ರು. ಹಾವನ್ನೇ ಸೀಳೋ ಪ್ರಾಣಿಗೆ ಇಲಿ ಯಾವ ಲೆಕ್ಕ ಅಂತ... ಆದ್ರೆ ಮುಂಗುಸಿ ಎದ್ದಿರೋದು ಯಾವಾಗ? ಹಗಲು. ಇಲಿ? ರಾತ್ರಿ. ಇದು ಮಲಗೋ ಹೊತ್ತಿಗೆ ಅದು ಏಳ್ತಿತ್ತು. ಒಂದರ ಮುಖ ಇನ್ನೊಂದು ನೋಡಲಿಲ್ಲ, ಮುನಿಸಿಕೊಂಡ ವಾರಗಿತ್ತಿಯರ ಹಾಗೆ.”

“ನನ್ನ ನೋಡ್ಕೊಂಡು ಯಾಕೆ ಹೇಳ್ತೀಯಕ್ಕಾ?” ಎಂದು ಅವಳ ವಾರಗಿತ್ತಿ ನಕ್ಕಳು. ಮುದುಕಿ ನಗಲಿಲ್ಲ.

“ಅಲ್ಲಿನ ಹಕ್ಕಿ ಮರದಲ್ಲಿ ಗೂಡು ಕಟ್ಟಲ್ಲ, ನೆಲದಲ್ಲಿ ಬಿಲ ತೋಡುತ್ತೆ. ಬಿಲಕ್ಕೊಂದೇ ಮರಿ. ಅಪ್ಪ ಅಮ್ಮ ಹಗಲೆಲ್ಲ ಕಡಲ ಮೇಲೆ; ಕತ್ತಲಾದ ಮೇಲೆ ಬಂದು ಮೇಲಿಂದ ಕೂಗ್ತವೆ, ಮರಿ ಒಳಗಿಂದ ಓಗೊಡುತ್ತೆ, ಆ ದನಿ ಹಿಡಿದೇ ಇಳೀತವೆ. ಹಗಲು ಕಾಯೋರಿಲ್ಲದ ಮರಿ, ಹಗಲು ಹಸಿದ ಮುಂಗುಸಿ... ಇನ್ನು ಹೇಳಬೇಕಾ? ಎರಡು ತಿಂಗಳೊಳಗೆ ಒಂದು ಬಿಲದಲ್ಲೂ ಉಸಿರಿರಲಿಲ್ಲ. ಹಕ್ಕಿಗಳು ಮಾತ್ರ ಬರ್ತಾನೇ ಇದ್ವು. ಗಂಟಲ ತುಂಬ ಮೀನು ಇಟ್ಕೊಂಡು ರಾತ್ರಿಯೆಲ್ಲ ದೀಪದ ಸುತ್ತ ಕೂಗು... ಕೂಗು...

“ನಿಮ್ಮ ಮಾವನೋರಿಗೆ ಅನ್ನ ಸೇರದಾಯ್ತು. ಒಂದು ರಾತ್ರಿ ಹೋಗಿ, ಬಿಲದ ಬಾಯಿಗೆ ಮುಖವಿಟ್ಟು ಮಲಗಿ, ಮರಿಯ ಹಾಗೆ ಕೂಗಿದ್ರು. ಹಕ್ಕಿ ಇಳೀತು ನೋಡಿ! ಬಂದು ಅವರ ಬೆನ್ನ ಮೇಲೆ ಕೂತ್ಕೊಳ್ತು. ಅವತ್ತಿಂದ ದಿನಾ ಅದೇ ಕೆಲಸ. ಮಾರನೇ ವರ್ಷ ಹಕ್ಕಿ ಬರಲಿಲ್ಲ, ಆಕಾಶ ಖಾಲಿ. ಆದ್ರೂ ಹೋಗ್ತಿದ್ರು. ಯಾರಿಗೆ ಓಗೊಡ್ತೀರಿ ಅಂದ್ರೆ, ‘ನಿಂಗೆ ಕೇಳಿಸಲ್ವೇನೇ?’ ಅನ್ನೋರು.”

“ಅಮ್ಮಾ, ಸಾಕು,” ಎಂದಳು ಮಗಳು.

“ಇವಳು ಹೊಟ್ಟೆಯಲ್ಲಿ ಐದು ತಿಂಗಳು. ಅವರಿಗೆ ಜ್ವರ, ಗಂಟಲು ಕಟ್ಟಿತ್ತು. ‘ಇವತ್ತೊಂದು ರಾತ್ರಿ ನೀನು ಓಗೊಡೇ, ಅವು ಕಾಯ್ತವೆ’ ಅಂತ ಕೈ ಮುಗಿದ್ರು. ಹೊಟ್ಟೆಯಲ್ಲಿ ಕೂಸು ಇಟ್ಕೊಂಡು ಸತ್ತ ಮರಿಯ ದನಿ ತೆಗೆಯೋದಾ? ಆಗಲ್ಲ ಅಂದೆ. ‘ಆಯ್ತು, ನಾಳೆ ಬಾ. ನೀನು ಬರೋವರೆಗೆ ನಾನಿರ್ತೀನಿ’ ಅಂದು ಹೋದ್ರು... ಬೆಳಗ್ಗೆ ನೋಡಿದ್ರೆ ಬಿಲದಲ್ಲಿ ತಲೆಯಿಟ್ಟೇ ತಣ್ಣಗಾಗಿದ್ರು. ಅಲ್ಲೇ ಮಣ್ಣು ಮಾಡಿದೆ, ಈ ಕೈಯಲ್ಲೇ. ಆಮೇಲೆ ಕತ್ತಲಾದ ಕೂಡಲೇ ಬಾಗಿಲು ಹಾಕ್ಕೊಂಡೆ. ದೋಣಿ ಬರೋವರೆಗೆ ಹನ್ನೊಂದು ರಾತ್ರಿ. ಹನ್ನೊಂದು ರಾತ್ರಿಯೂ ಆ ಮಣ್ಣಿನಡಿಯಿಂದ ದನಿ ಬರ್ತಾ ಇತ್ತು.”

“ಇಲಿ ಇರಬೇಕು ಅತ್ತೆ...” ಅಳಿಯ ನಗಲು ನೋಡಿದ. ತನ್ನ ದನಿ ತನಗೇ ಬೇರೆಯಾಗಿ ಕೇಳಿಸಿತು. ಮಗಳು ಬಲೆ ಸರಿಸಿ ಎದ್ದು ಒಳಗೆ ನಡೆದಳು.

“ಇರಬಹುದು. ಹೋದ ಬೇಸಿಗೆಯಲ್ಲಿ ನೀರಿಗೆ ಅಂತ ಅಲ್ಲಿಳಿದ ದೋಣಿಯವ, ದನಿ ಕೇಳಿ ಆ ಮಣ್ಣಿನ ಹತ್ತಿರ ಹೋದನಂತೆ. ಥಟ್ಟನೆ ನಿಂತಿತಂತೆ. ತುಸು ಹೊತ್ತು ಅವನ ಹೆಜ್ಜೆ ಆಲಿಸಿ, ಬರಬೇಕಾದವರಲ್ಲ ಅಂತ ಗೊತ್ತಾದ ಹಾಗೆ ಮತ್ತೆ ಶುರುವಾಯ್ತಂತೆ... ಬೆಕ್ಕು ಬೇಕಾದ್ರೆ ಒಯ್ಯಿರಿ. ಇಲಿ ಬಿಟ್ರೆ ಅವು ತಿನ್ನೋಕೆ ಅಲ್ಲಿ ಏನೂ ಉಳಿದಿಲ್ಲ. ಇವಳನ್ನ ಮಾತ್ರ ಬೇಡ.”

ಮುದುಕಿ ಮಗಳು ಹೋದ ಕತ್ತಲನ್ನೇ ನೋಡುತ್ತ ದನಿ ತಗ್ಗಿಸಿದಳು.

“ನಡಿಗೆಯಲ್ಲಿ ಇವಳು ಥೇಟ್ ನನ್ನ ಹಾಗೇ.”