ಚೆಲುವನ ತೊಟ್ಟಿಲ ಕೌದಿ

ಚನ್ನಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಇಬ್ಬರು ಅಜ್ಜಿಯರು ಕೂತಿದ್ದರು. ಒಬ್ಬರ ಮಡಿಲಲ್ಲಿ ಬಣ್ಣಬಣ್ಣದ ಪುಟ್ಟ ಕೌದಿಯಿತ್ತು.

“ಅಂತೂ ಮುಗಿಸ್ಬುಟ್ಟೆ ಅನ್ನು, ಸಿದ್ದಕ್ಕ.”

“ಮೊಮ್ಮಗ ಚೆಲುವನ ತೊಟ್ಲಿಗೆ ಅಂತ ಸುರು ಮಾಡಿದ್ದು ಕಣವ್ವ.”

“ಮತ್ಯಾಕೆ ಬುಟ್ಟಿದ್ದೆ?”

“ಅರ್ಧ ಹೊಲಿಯೋ ಹೊತ್ಗೆ ಅಂಬೆಗಾಲು ಇಟ್ಬುಟ್ಟ. ಆಮೇಲೆ ಅವನ್ನ ಹಿಡಿಯೋದೇ ಕೆಲ್ಸ ಆಗೋಯ್ತು.”

“ಈಗ ಅವನ ಮಗೀಗಾಯ್ತು ಬುಡು.”

“ಹೂಂ. ಈ ಹಳದಿ ತುಂಡು ಅವನ ಮೊದಲ್ನೇ ಅಂಗೀದು. ಈ ಕೆಂಪು, ಅವನೆಂಡ್ತಿ ರವಿಕೇದು.”

“ಮಗು ಉಚ್ಚೆ ಉಯ್ದ್ರೆ ಕೆಂಪು ಬಣ್ಣ ಬುಟ್ಟಾತು.”

“ಬುಡ್ಲಿ ಬುಡು.”

ಕೆಂಗಲ್ ಕಡೆಯ ಬಸ್ಸು ಬಂತು. ಸಿದ್ದಕ್ಕ ಕೌದಿ ಮಡಚುತ್ತ ಎದ್ದರು.

“ಹೋಗ್ತಿದ್ದಂಗೇ ಮಗೀಗೆ ಹೊದಿಸ್ತೀಯಾ?”

“ಮೊದ್ಲು ಚೆಲುವಂಗೆ ಒಂದ್ಸಲ ಹೊದಿಸ್ತೀನಿ. ಅವಂದು ಕಣವ್ವ ಇದು. ಹೊಟ್ಟೆ ಮುಚ್ಚುದ್ರೂ ಸಾಕು.”